ರಾಜಾಸೀಟ್ ಕಾಣೋ ಹಳೇ ಬಂಗ್ಲೇಲಿ ಫ್ಲ್ಯಾಟ್ ತಗೊಳ್ಳೋ ಮುಂಚೆ ಏನೇನು ನೋಡ್ಬೇಕು

ಮಡಿಕೇರೀಲಿ ಹಳೇ ಬಂಗ್ಲೆಗಳ ಒಳಗೆ ಗೋಡೆ ಎಬ್ಬಿಸಿ ನಾಲ್ಕೋ ಆರೋ ಮನೆ ಮಾಡಿ ಬಾಡಿಗೆಗೆ, ಲೀಸಿಗೆ, ಕೆಲವೊಮ್ಮೆ ಮಾರಾಟಕ್ಕೂ ಬಿಡೋದು ಹೊಸದೇನಲ್ಲ. ಆದ್ರೆ ಬ್ರೋಕರ್ ಫೋನ್ ಮಾಡಿ "ಸಾರ್, ಯುದ್ಧಕ್ಕಿಂತ ಮುಂಚೆ ಕಟ್ಟಿದ್ದು, ಕಿಟಕಿ ತೆಗೆದ್ರೆ ಎದುರಿಗೇ ರಾಜಾಸೀಟ್" ಅಂದ ತಕ್ಷಣ ಬೆಂಗಳೂರಿನವ್ರು ಮಾತ್ರ ಅಲ್ಲ ಊರಲ್ಲೇ ಹುಟ್ಟಿ ಬೆಳೆದವ್ರೂ ಬುದ್ಧಿ ಕಳ್ಕೊಂಡು ಅಡ್ವಾನ್ಸ್ ಕೊಟ್ಟು ಬರ್ತಾರೆ, ಆಮೇಲೆ ಜುಲೈಲಿ ನನಗೆ ಫೋನ್ ಬರತ್ತೆ. ಹಳೇ ಮನೆ ರಿಪೇರಿ ಮಾಡ್ಸೋದೇ ನನ್ನ ಕಸುಬು ಆಗಿರೋದ್ರಿಂದ ಆ ಫೋನ್ ಬಂದ್ರೆ ನನಗೆ ಲಾಭಾನೇ, ಆದ್ರೂ ಹೇಳ್ತೀನಿ ಕೇಳಿ.

ಮೊದಲು ದಿಕ್ಕು ನೋಡಿ. ರಾಜಾಸೀಟ್ ಪಾರ್ಕ್ ಇರೋದು ಊರಿನ ಪಶ್ಚಿಮದ ಅಂಚಲ್ಲಿ, ಹಾಲೇರಿ ರಾಜರು ಅಲ್ಲಿ ಕೂತು ಸೂರ್ಯ ಮುಳುಗೋದು ನೋಡ್ತಿದ್ರು ಅಂತ ಹೇಳ್ತಾರಲ್ಲ, ಅದಕ್ಕೇ ಆ ಹೆಸರು. ಅಂದ್ರೆ ಪಾರ್ಕ್ ವ್ಯೂ ಅಂತ ಹೇಳಿ ಎರಡು ಸಾವಿರ ಜಾಸ್ತಿ ಕೇಳೋ ಆ ರೂಮು ಪಶ್ಚಿಮಕ್ಕೋ ನೈಋತ್ಯಕ್ಕೋ ತೆರ್ಕೊಂಡಿರತ್ತೆ, ಮುಂಗಾರು ಬರೋದೂ ಅದೇ ಕಡೆಯಿಂದ. ಅರಬ್ಬೀ ಸಮುದ್ರದಿಂದ ಎದ್ದ ಗಾಳಿ ಘಟ್ಟ ಹತ್ತಿ ಬಂದು ಕಣಿವೆ ದಾಟಿ ಅಡ್ಡಡ್ಡ ಹೊಡೆಯೋ ಗೋಡೆ ಯಾವುದು ಅಂದ್ರೆ ನಿಮ್ಮ ವ್ಯೂ ಇರೋ ಗೋಡೆಯೇ. ಮಡಿಕೇರೀಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳತ್ತೆ, ಮೈಸೂರಲ್ಲಿ 800ರ ಆಸುಪಾಸು. ಹಾಗಾಗಿ ಮೈಸೂರಿಂದ ಬಂದ ಕಂಟ್ರಾಕ್ಟರ್ ಅಲ್ಲಿ ಮಾಡಿದ ಕೆಲಸಾನೇ ಇಲ್ಲೂ ಮಾಡಿ ಹೋದ್ರೆ ಎರಡನೇ ಮಳೆಗಾಲಕ್ಕೆ ಬಣ್ಣ ಎಲ್ಲ ಸಿಪ್ಪೆ ಏಳತ್ತೆ. ಅದೇ ಕಟ್ಟಡದ ಹಿಂಭಾಗ, ಪೂರ್ವಕ್ಕೆ ರಸ್ತೆ ಕಡೆ ಇರೋ ಮನೆ ನೋಡಿ, ಬಾಡಿಗೆ ಕಮ್ಮಿ, ಗೋಡೆ ಒಣ, ಬೆಳಗಿನ ಬಿಸಿಲು ಬೇರೆ. ವ್ಯೂ ಬೇಕಾದ್ರೆ ಎದ್ದು ನಡ್ಕೊಂಡು ಹೋದ್ರೆ ಪಾರ್ಕ್ ಅಲ್ಲೇ ಇದೆಯಲ್ಲ. ಇದನ್ನ ಯಾರೂ ಕೇಳಲ್ಲ, ಗೊತ್ತು. ಎಲ್ಲರಿಗೂ ಪಶ್ಚಿಮದ ಕಿಟಕಿನೇ ಬೇಕು, ಸರಿ, ಹಾಗಿದ್ರೆ ಮುಂದಿಂದು ಓದಿ.

ಮನೆ ನೋಡಕ್ಕೆ ಹೋಗೋದು ಯಾವಾಗ ಅಂದ್ರೆ ಜುಲೈ ಕೊನೆ ಇಲ್ಲಾ ಆಗಸ್ಟ್ ಮೊದಲು, ಕಕ್ಕಡ ಮಾಸದಲ್ಲಿ, ಮದ್ದು ಸೊಪ್ಪಿನ ಪಾಯಸ ಮಾಡೋ ಹೊತ್ತಿಗೆ. ಡಿಸೆಂಬರ್‌ಲಿ ನೋಡಿ ಒಪ್ಕೊಂಡ ಮನೆ ಅರ್ಧ ನೋಡಿದ ಮನೆ. ಮಾಲೀಕರು ಮಳೆ ನಿಂತ ಮೇಲೆ, ದಸರಾ ಹತ್ರ ಬಂದಾಗ ಸುಣ್ಣಬಣ್ಣ ಹೊಡ್ಸಿ ತೋರಿಸ್ತಾರೆ, ಅವ್ರದ್ದು ತಪ್ಪು ಅಂತಲ್ಲ, ಎಲ್ಲರೂ ಮಾಡೋದೇ. ಮಳೇಲಿ ಹೋಗಕ್ಕೆ ಆಗಲೇ ಇಲ್ಲ ಅಂದ್ರೆ ಬೀರು ಸರಿಸಿ ಅದರ ಹಿಂದಿನ ಗೋಡೆ ನೋಡಿ, ಕಿಟಕಿಯ ಕೆಳಗಿನ ಎರಡು ಮೂಲೆ ನೋಡಿ, ಮಂಚದ ತಲೆದಿಕ್ಕಿನ ಗೋಡೆಗೆ ಅಂಗೈ ಒತ್ತಿ ನೋಡಿ. ಬಣ್ಣದ ಕೆಳಗೆ ಬಿಳೀ ಪುಡಿ ಉಬ್ಬಿ ಬಂದಿದ್ರೆ ಅದು ಗೋಡೆಯೊಳಗಿನ ಉಪ್ಪು, ನೀರು ಒಳಗೆ ಓಡಾಡ್ತಿದೆ ಅನ್ನೋದಕ್ಕೆ ಸಾಕ್ಷಿ. ಪಕ್ಕದ ಮನೆ ಅಕ್ಕನ ಹತ್ರ "ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ" ಅಂತ ಕೇಳಿ, ಆ ಒಂದು ಪ್ರಶ್ನೆಗೆ ಬರೋ ಉತ್ತರದಲ್ಲಿ ಬ್ರೋಕರ್ ಹೇಳ್ದೆ ಬಿಟ್ಟಿದ್ದೆಲ್ಲ ಬರತ್ತೆ.

ಇನ್ನು ಕಟ್ಟಡ ಯಾವ ಥರದ್ದು ಅಂತ ತಿಳ್ಕೊಳ್ಳಿ. ಬಾಂಬೇಲಿ ಓವಲ್ ಮೈದಾನದ ಎದುರಿಗೆ 1930ರ ದಶಕದ ಕಟ್ಟಡಗಳ ಸಾಲು ಇದೆಯಲ್ಲ, 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಅವು ಮೊದಲಿಂದಲೇ ಫ್ಲ್ಯಾಟ್ ಅಂತ ಕಾಂಕ್ರೀಟಲ್ಲಿ ಕಟ್ಟಿದ್ದು. ಮಹಡಿ ಮೇಲೆ ಮಹಡಿ, ಬಚ್ಚಲ ಮೇಲೆ ಬಚ್ಚಲು, ಎಲ್ಲಾ ಲೆಕ್ಕ ಹಾಕಿ ಮಾಡಿದ್ದು. ನಮ್ಮ ಕಡೆಯ ಬಂಗ್ಲೆ ಹಾಗಲ್ಲ, ಒಬ್ಬ ದೊರೆಗೋ ಒಬ್ಬ ಪ್ಲಾಂಟರ್‌ಗೋ ಒಂದು ಸಂಸಾರ ಇರಕ್ಕೆ ಅಂತ ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ, ಮಂಗಳೂರು ಹೆಂಚಲ್ಲಿ ಕಟ್ಟಿದ್ದು. ಅಡುಗೆಮನೆ ಹಿಂದೆ ಬೇರೆಯಾಗಿ ಇರ್ತಿತ್ತು, ಕಕ್ಕಸು ಇನ್ನೂ ದೂರ. ಈಗ ಅದರೊಳಗೆ ಆರು ಅಡುಗೆಮನೆ ಆರು ಬಾತ್‌ರೂಮು ತುರುಕಿದಾರೆ ಅಂದ್ರೆ ಎಲ್ಲಿ ತುರುಕಿದಾರೆ, ಅದರ ಭಾರ ಯಾರು ಹೊತ್ತಿದಾರೆ, ನೀರು ಎಲ್ಲಿ ಹೋಗತ್ತೆ, ಇಷ್ಟು ಗೊತ್ತಾಗ್ಬೇಕು.

ವಯಸ್ಸು ಕಂಡುಹಿಡಿಯೋಕೆ ಎಲ್ಲರೂ ಹೆಂಚು ತಿರುಗಿಸಿ ನೋಡ್ತಾರೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದ್ವು, ಹಾಗಾಗಿ ಹೆಂಚಿನ ಮೇಲೆ ಯಾವ ಹೆಸರು ಒತ್ತಿದೆ ಅಂತ ನೋಡಿ ಒಂದು ಅಂದಾಜು ಸಿಗತ್ತೆ. ಆದ್ರೆ ಬರೀ ಅದನ್ನೇ ನಂಬ್ಬೇಡಿ, ಹೆಂಚು ಬಿಚ್ಚಿ ಇನ್ನೊಂದು ಮನೆಗೆ ಹಾಕೋದು ಇಲ್ಲಿ ಮಾಮೂಲು, ನೂರು ವರ್ಷದ ಹೆಂಚು ನಿನ್ನೆ ಕಟ್ಟಿದ ಹೋಂಸ್ಟೇ ಮೇಲೂ ಇರತ್ತೆ. ಗೋಡೆ ದಪ್ಪ ಅಳೀರಿ, ಒಂದೂವರೆ ಅಡಿ ಮೇಲಿದ್ದು ಮೊಳೆ ಹೊಡೆದಾಗ ಬಿಳೀ ಮೆದು ಪುಡಿ ಬಂದ್ರೆ ಸುಣ್ಣದ ಗಾರೆ, ಬೂದು ಬಣ್ಣದ ಗಟ್ಟಿ ಪುಡಿ ಬಂದ್ರೆ ಮೇಲೆ ಸಿಮೆಂಟ್ ಬಳ್ದಿದಾರೆ ಅಂತ.

ಮಾಡು, ಅಂದ್ರೆ ಹೆಂಚಿನ ಚಾವಣಿ. ಒಳಗೆ ನಿಂತು ಮೇಲೆ ನೋಡಿದ್ರೆ ಈಗ ಜಿಪ್ಸಮ್ ಸೀಲಿಂಗ್, ನಾಲ್ಕು ಲೈಟು, ಚಂದ. ಅದರ ಮೇಲೆ ಏನಿದೆ ಅಂತ ನೋಡಕ್ಕೆ ಒಂದು ಬಾಗಿಲಾದ್ರೂ ಬಿಟ್ಟಿದಾರಾ ಕೇಳಿ, ಬಿಟ್ಟಿಲ್ಲ ಅಂದ್ರೆ ಒಂದು ಲೈಟ್ ಬಿಚ್ಚಿಸಿ ಆ ತೂತಿಂದ ಮೊಬೈಲ್ ಕ್ಯಾಮೆರಾ ತೂರ್ಸಿ ವೀಡಿಯೋ ಮಾಡ್ಕೊಳ್ಳಿ. ನೋಡ್ಬೇಕಾದ್ದು ಎರಡೇ ಜಾಗ. ಒಂದು, ಎರಡು ಮಾಡು ಸೇರೋ ಕಡೆ ಇರೋ ತಗಡಿನ ದೋಣಿ, ಸೋರೋದು ಬಹಳ ಸಲ ಅಲ್ಲಿಂದಲೇ, ಪಾರ್ಕ್ ಕಡೆಯ ಸಿಲ್ವರ್ ಓಕ್ ಎಲೆ ಬಿದ್ದು ಕಟ್ಕೊಂಡು ನೀರು ಉಕ್ಕಿ ಹೆಂಚಿನ ಕೆಳಗೆ ನುಗ್ಗತ್ತೆ. ಇನ್ನೊಂದು, ತೊಲೆ ಹೋಗಿ ಗೋಡೆಯೊಳಗೆ ಕೂರೋ ತುದಿ. ತೊಲೆ ಮಧ್ಯದಲ್ಲಿ ಕಬ್ಬಿಣದ ಹಾಗೆ ಇರತ್ತೆ, ತುದೀಲಿ ಮಾತ್ರ ಒದ್ದೆ ಗೋಡೆ ತಾಗಿ ಲಡ್ಡಾಗಿರತ್ತೆ, ಸ್ಕ್ರೂಡ್ರೈವರ್ ತಗೊಂಡು ಒತ್ತಿ, ಅರ್ಧ ಇಂಚು ಸಲೀಸಾಗಿ ಒಳಗೆ ಹೋದ್ರೆ ಆ ತೊಲೆ ಬದಲಾಯಿಸ್ಬೇಕು ಅಥವಾ ತುದಿಗೆ ಕಬ್ಬಿಣದ ಪಟ್ಟಿ ಕಟ್ಟಿ ಆಧಾರ ಕೊಡ್ಬೇಕು. ಬೀಟೆ, ತೇಗ, ಹೊನ್ನೆ ಆಗಿದ್ರೆ ಗೆದ್ದಲು ಸುಲಭಕ್ಕೆ ಮುಟ್ಟಲ್ಲ, ಆದ್ರೆ ರಿಪೇರಿ ಹೆಸರಲ್ಲಿ ನಡುವೆ ತುರುಕಿದ ಸಿಲ್ವರ್ ಓಕ್ ರೀಪು (ಹೆಂಚು ಕೂರೋ ಮರದ ಪಟ್ಟಿ) ಇರತ್ತಲ್ಲ, ಅದರ ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ರೆ ಹುಳ ಕೊರೀತಿದೆ ಅಂತ.

ಮೇಲಿನ ಮಹಡಿ ನೆಲ. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಸೋರಿದ್ರೆ ಬಕೆಟ್ ಇಡಬಹುದು, ನೆಲ ಕುಸಿದ್ರೆ ಏನೂ ಇಡಕ್ಕಾಗಲ್ಲ. ಹಳೇ ಬಂಗ್ಲೆಯ ಮೇಲಿನ ನೆಲ ಮೂರು ಥರ ಇರತ್ತೆ, ತೊಲೆ, ಅದರ ಮೇಲೆ ಅಡ್ಡಕ್ಕೆ ಹಾಕಿದ ಸಣ್ಣ ತೊಲೆ ಅಂದ್ರೆ ಜಂತೆ, ಅದರ ಮೇಲೆ ಬರೀ ಹಲಗೆ, ಇಲ್ಲಾ ಜಂತೆ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ, ಇಲ್ಲಾ ಕಬ್ಬಿಣದ ಗರ್ಡರ್ ಮಧ್ಯೆ ಇಟ್ಟಿಗೆ ಕಮಾನು. ಇವುಗಳ ಮೇಲೆ ಜನ ಓಡಾಡಬಹುದು, ಮಂಚ ಬೀರು ಇಡಬಹುದು. ಆದ್ರೆ ಮನೆ ಭಾಗ ಮಾಡುವಾಗ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸ್ತಾರಲ್ಲ, ಹತ್ತಡಿ ಎತ್ತರದ ಆ ಗೋಡೆ ಒಂದು ಮೀಟರ್ ಉದ್ದಕ್ಕೇ 600 ಕೆ.ಜಿ. ದಾಟತ್ತೆ. ಅದು ಕೆಳಗಿನ ಗೋಡೆಯ ಮೇಲೇ ನೇರ ಕೂತಿದ್ರೆ ಸರಿ, ಜಂತೆಯ ನಡುಮಧ್ಯೆ ಕೂತಿದ್ರೆ ಆ ಮನೆ ಬೇಡ, ಮೇಲಿಂದೂ ಬೇಡ ಅದರ ಕೆಳಗಿಂದೂ ಬೇಡ. ಹೇಗೆ ಗೊತ್ತಾಗತ್ತೆ ಅಂದ್ರೆ ಎರಡೂ ಮಹಡಿ ಮನೆ ನೋಡಿ, ಮೇಲೆ ಕಿಟಕಿಯಿಂದ ಗೋಡೆಗೆ ಎಷ್ಟು ಹೆಜ್ಜೆ, ಕೆಳಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿ, ಕೆಳಗಿನ ಮನೆಯವ್ರು ಒಳಗೆ ಬಿಡಲ್ಲ ಅಂದ್ರೆ ಅದೂ ಒಂದು ಮಾಹಿತಿ. ಭಾಗ ಮಾಡಲೇಬೇಕು ಅಂದ್ರೆ ಸಿಮೆಂಟ್ ಬೋರ್ಡ್ ಇಲ್ಲಾ ಜಿಪ್ಸಮ್ ಬೋರ್ಡ್ ಪಾರ್ಟಿಷನ್ ಸಾಕು, ಪಕ್ಕದ ಮನೆ ಟೀವಿ ಸ್ವಲ್ಪ ಕೇಳಿಸತ್ತೆ ಅಷ್ಟೇ.

ಮಕ್ಕಳ ಗೋಲಿ ಒಂದು ಜೇಬಲ್ಲಿ ಇಟ್ಕೊಂಡು ಹೋಗಿ, ನೆಲದ ಮೇಲೆ ಬಿಡಿ, ರೂಮಿನ ಮಧ್ಯಕ್ಕೆ ಓಡಿದ್ರೆ ನೆಲ ಜಗ್ಗಿದೆ. ಹಿಮ್ಮಡಿ ಎತ್ತಿ ಒಂದ್ಸಲ ನೆಲಕ್ಕೆ ಕುಕ್ಕಿ, ಶೋಕೇಸಲ್ಲಿರೋ ಗ್ಲಾಸು ಗಲಗಲ ಅಂದ್ರೆ ಜಂತೆ ಸಡಿಲ. ಮೇಲೆ ಟೆರೇಸಿನ ಥರ ಮಾಡಿ ಸಿಂಟೆಕ್ಸ್ ಇಟ್ಟಿದಾರಾ ನೋಡಿ, 1000 ಲೀಟರ್ ಟ್ಯಾಂಕ್ ತುಂಬಿದ್ರೆ ಒಂದು ಟನ್ನು, ಆರು ಮನೆಗೆ ಆರು ಟ್ಯಾಂಕನ್ನ ಒಂದೇ ಮೂಲೇಲಿ ಸಾಲಾಗಿ ಇಟ್ಟಿದ್ರೆ ಅದರ ಕೆಳಗಿನ ರೂಮಲ್ಲಿ ಮಲ್ಗಕ್ಕೆ ನಾನಂತೂ ಒಪ್ಪಲ್ಲ. ಟ್ಯಾಂಕಿಗೆ ನೆಲದಿಂದಲೇ ಬೇರೆ ಕಬ್ಬಿಣದ ಸ್ಟ್ಯಾಂಡ್ ಮಾಡಿರೋ ಮಾಲೀಕ ಸಿಕ್ರೆ ಅವ್ರು ಬುದ್ಧಿವಂತ್ರು, ಬಾಡಿಗೆ ಚೌಕಾಸಿ ಮಾಡ್ದೆ ಕೊಟ್ಬಿಡಿ.

ಈಗ ಗೋಡೆ, ಎಲ್ಲರೂ ಹಾಳು ಮಾಡೋದು ಇಲ್ಲೇ. ಸುಣ್ಣದ ಗಾರೆಯ ಗೋಡೆ ಮಳೇಲಿ ನೀರು ಕುಡಿಯತ್ತೆ, ಬಿಸಿಲಲ್ಲಿ ಬಿಡತ್ತೆ, ಅದರ ಸ್ವಭಾವಾನೇ ಅದು, ನೂರು ವರ್ಷ ನಿಂತಿರೋದೂ ಅದರಿಂದಲೇ. ಒದ್ದೆ ಕಂಡ ತಕ್ಷಣ ಹೊರಗೆ ಸಿಮೆಂಟ್ ಪ್ಲಾಸ್ಟರ್, ಒಳಗೆ ಪುಟ್ಟಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳ್ದ್ರೆ ರೈನ್‌ಕೋಟ್ ಹಾಕ್ಕೊಂಡು ಬೆಟ್ಟ ಹತ್ತಿದ ಹಾಗೆ, ಮಳೆ ಹೊರಗಿದ್ರೂ ಅಂಗಿ ಒಳಗೇ ಒದ್ದೆ. ಸಿಮೆಂಟ್ ಒಂದು ಕೂದಲೆಳೆ ಬಿಟ್ಟ ಕಡೆಯಿಂದ ನೀರು ಒಳಗೆ ಹೋಗತ್ತೆ, ವಾಪಸ್ ಬರಕ್ಕೆ ದಾರಿ ಇಲ್ಲ, ಗಾರೆ ಕರಗಿ ಪುಡಿಯಾಗತ್ತೆ, ಹೊರಗಿಂದ ನೋಡಿದ್ರೆ ಗೋಡೆ ಹೊಸದು. ಬೆರಳ ಗಂಟಲ್ಲಿ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆಯೆಲ್ಲ ಪ್ಲಾಸ್ಟರ್ ಬಿಟ್ಕೊಂಡಿದೆ.

ತಗೊಂಡಾಗಿದೆ, ರಿಪೇರಿ ಹೇಗೆ ಅಂತೀರಾ, ಹೀಗೆ ಮಾಡಿ. ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಹಿಡೀರಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಶೀಟನ್ನ ಒಳಗೋಡೆಗೆ ಸುತ್ತ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ, ಶೀಟಿನ ಒಳಬದಿ ಗೋಡೆ ಕಡೆ ಹನಿ ಕಟ್ಟಿದ್ರೆ ನೀರು ಗೋಡೆಯಿಂದ ಬರ್ತಿದೆ, ನಿಮ್ಮ ಕಡೆ ಹನಿ ಕಟ್ಟಿದ್ರೆ ಅದು ಬರೀ ರೂಮಿನ ಹಬೆ, ಅನ್ನದ ಕುಕ್ಕರ್ರು, ಒಳಗೆ ಹರವಿದ ಬಟ್ಟೆ, ಮುಚ್ಚಿದ ಕಿಟಕಿ. ಎರಡನೇದಾದ್ರೆ ಮೇಸ್ತ್ರಿ ಬೇಡ, ಹಳೇ ಹೊಗೆಗೂಡು ಮುಚ್ಚಿದಾರಲ್ಲ ಅದನ್ನ ತೆಗ್ಸಿ, ಬಾತ್‌ರೂಮಿಗೆ ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ ಸಾಕು. ಗೋಡೆಯಿಂದ ಬರ್ತಿದ್ರೆ ಹೊರಗೆ ಹೋಗಿ ಬುಡ ನೋಡಿ, ವರ್ಷವರ್ಷ ಮಣ್ಣು ಇಂಟರ್‌ಲಾಕ್ ಅಂತ ಹಾಕಿ ಹಾಕಿ ಅಂಗಳ ಒಳಗಿನ ನೆಲಕ್ಕಿಂತ ಮೇಲೆ ಬಂದಿರತ್ತೆ, ಅದನ್ನ ಅರ್ಧ ಅಡಿಯಾದ್ರೂ ಕೆಳಗೆ ಇಳ್ಸಿ ಚರಂಡಿ ಮಾಡಿ. ಆಮೇಲೆ ಹಳೇ ಸಿಮೆಂಟ್ ಪ್ಲಾಸ್ಟರ್ ಕೆತ್ಸಿ, ಕಂದು ಕಂದಾಗಿ ಗೋಡೆ ಕಾಣ್ತಿದೆ ಅಂತ ಗಾಬರಿ ಬೇಡ, ಒಂದು ಬೇಸಿಗೆ ಹಾಗೇ ಬಿಡಿ. ಒಂದು ಇಂಚು ದಪ್ಪ ಒಣಗಕ್ಕೆ ಸುಮಾರು ಒಂದು ತಿಂಗಳು ಅಂತ ಈ ಕೆಲಸದವ್ರು ಲೆಕ್ಕ ಹಿಡೀತಾರೆ, ಅಂದ್ರೆ ಒಂದೂವರೆ ಅಡಿ ಗೋಡೆ ಪೂರ್ತಿ ಒಣಗಕ್ಕೆ ನಮ್ಮೂರಲ್ಲಿ ಮಳೆ ಬಿಡೋದೇ ಇಲ್ಲ, ಆದಷ್ಟು ಒಣಗಿದ್ರೆ ಸಾಕು. ಒಂದು ಭಾಗ ಸುಣ್ಣಕ್ಕೆ ಮೂರು ಭಾಗ ಮರಳು, ಮಳೆ ಹೊಡೆಯೋ ಕಡೆ ಮರಳಲ್ಲಿ ಸ್ವಲ್ಪ ಸುರ್ಕಿ ಅಂದ್ರೆ ಇಟ್ಟಿಗೆ ಪುಡಿ ಸೇರ್ಸಿ, ಸುಣ್ಣ ಕಡೇಪಕ್ಷ ಎರಡು ವಾರ ನೀರಲ್ಲಿ ಅರಳಿರ್ಬೇಕು. ಹಳಬರು ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕ್ತಿದ್ರು, ಗೊತ್ತಿರೋ ಮೇಸ್ತ್ರಿ ಸಿಕ್ರೆ ಹಾಕ್ಸಿ, ಗೊತ್ತಿಲ್ದೋರ ಕೈಲಿ ಹಾಕ್ಸಿ ಇರುವೆ ಕರ್ಸ್ಕೋಬೇಡಿ. ಮೇಲೆ ಸುಣ್ಣಾನೇ ಹೊಡೀರಿ, ಎಮಲ್ಷನ್ ಬೇಡ.

ಈ ಕೆಲಸಕ್ಕೆ ಒಣ ದಿನ ಬೇಕು, ಅಂದ್ರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಆದ್ರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಗ ನಿಮಗೆ ಕೈಯಾಳು ಸಿಗೋದು ಸುಳ್ಳು, ಮಾರ್ಚ್ ಏಪ್ರಿಲ್‌ಗೆ ಕಾಫಿ ಹೂ ಅರಳಿಸೋ ಹೂಮಳೆ ಬಂದುಬಿಡತ್ತೆ. ಹಾಗಾಗಿ ದಸರಾ ಮುಗೀತಿದ್ದ ಹಾಗೇ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟು ದಿನ ಹಿಡ್ಕೊಳ್ಳಿ, ಸುಗ್ಗಿ ಹಬ್ಬ ಪುತ್ತರಿ ಆದ ಮೇಲೆ ನೋಡೋಣ ಅಂದ್ರೆ ಆ ವರ್ಷ ಹೋಯ್ತು.

ಕರೆಂಟು. ಮರದ ಪಟ್ಟಿಯೊಳಗೆ ವೈರ್ ಎಳೆದು ಕಪ್ಪು ಗುಂಡು ಸ್ವಿಚ್ ಹಾಕಿದ್ದು ಎಲ್ಲಾದ್ರೂ ಉಳಿದಿದ್ರೆ ಫೋಟೋ ತೆಗೀರಿ, ಬಳಸ್ಬೇಡಿ. ಆರು ಮನೆ ಆರು ಗೀಸರ್, ಒಂದೊಂದು 2 ಕಿಲೋವ್ಯಾಟ್ ಅಂದ್ರೂ ಬೆಳಗ್ಗೆ ಏಳು ಗಂಟೆಗೆ ಎಲ್ಲರೂ ಸ್ನಾನಕ್ಕೆ ಹೊರಟ್ರೆ 12 ಕಿಲೋವ್ಯಾಟ್, ಹಳೇ ಒಂಟಿ ಕನೆಕ್ಷನ್ ಅದನ್ನ ತಡೆಯಲ್ಲ. ನಿಮ್ಮ ಮನೆಗೆ ಕರೆಂಟ್ ಕಂಪನಿ ಸೆಸ್ಕ್‌ನದ್ದೇ ಬೇರೆ ಮೀಟರ್ ಇದೆಯಾ ಅಥವಾ ಮಾಲೀಕರ ಸಬ್‌ಮೀಟರಾ ಕೇಳಿ. ಅರ್ಥಿಂಗ್ ಗುಂಡಿ ತೋರ್ಸಿ ಅನ್ನಿ, ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಮಾಡೋ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲ ಅಂದ್ರೆ ಒಳಗೆ ಕಾಲಿಡೋ ಮುಂಚೆ ಹಾಕ್ಸಿ, ಒದ್ದೆ ಗೋಡೆ ಇರೋ ಮನೇಲಿ ಇದನ್ನ ಮುಂದಕ್ಕೆ ತಳ್ಳೋ ಹಾಗೇ ಇಲ್ಲ. ಇನ್ವರ್ಟರ್ ಬೇಕೇ ಬೇಕು, ಗಾಳಿಗೆ ಮರ ಬಿದ್ದು ಲೈನ್ ಹೋದ್ರೆ ದಿನಗಟ್ಟಲೆ. ಗೋಡೆ ದಪ್ಪ ಇರೋದ್ರಿಂದ ವೈಫೈ ಒಂದು ರೂಮಿಂದ ಇನ್ನೊಂದಕ್ಕೆ ಹೋಗಲ್ಲ, ವರ್ಕ್ ಫ್ರಮ್ ಹೋಮ್‌ನವ್ರು ಎರಡು ರೂಟರ್ ಖರ್ಚು ಸೇರ್ಸ್ಕೊಳ್ಳಿ.

ನೀರು ಕೂಟುಹೊಳೆಯಿಂದ ನಗರಸಭೆ ಬಿಡತ್ತೆ, ಯಾವ ದಿನ ಎಷ್ಟು ಹೊತ್ತು ಅಂತ ಮಾರ್ಚ್ ತಿಂಗಳ ಕಥೆ ಕೇಳಿ, ಮಳೆಗಾಲದ್ದು ಕೇಳಿ ಪ್ರಯೋಜನ ಇಲ್ಲ. ಅದಕ್ಕಿಂತ ಮುಖ್ಯ, ಹೋಗೋ ನೀರು. ಒಂದು ಸಂಸಾರಕ್ಕೆ ತೋಡಿದ ಕಕ್ಕಸಿನ ಪಿಟ್ಟಿಗೆ ಆರು ಸಂಸಾರ ಸೇರ್ಸಿದ್ರೆ ಅದು ತುಂಬಿ ಇಳಿಜಾರಿಗೆ ಬಸಿಯತ್ತೆ, ನಮ್ಮೂರಲ್ಲಿ ಇಳಿಜಾರಿಗೆ ನೀರು ಬಸಿಯೋದು ಅಂದ್ರೆ ಏನು ಅಂತ 2018ರ ಆಗಸ್ಟ್ ನೋಡಿದವರಿಗೆ ಹೇಳ್ಬೇಕಾಗಿಲ್ಲ, ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಕ್ಕೆ ಗುಡ್ಡವೇ ಬಂತು. ಹಾಗಾಗಿ ಕಟ್ಟಡದ ಹಿಂದೆ ಮುಂದೆ ಎರಡೂ ಕಡೆ ನಡೆದು ನೋಡಿ. ತಡೆಗೋಡೆ ಇದ್ರೆ ಅದರಲ್ಲಿ ನೀರು ಹೊರಗೆ ಬರೋ ತೂತುಗಳು ಇವೆಯಾ, ಮಳೇಲಿ ಅದರಿಂದ ನೀರು ಬರ್ತಿದೆಯಾ, ತೂತು ಒಣಗಿದ್ದು ಗೋಡೆ ಹೊಟ್ಟೆ ಉಬ್ಬಿದ್ರೆ ಹಿಂದೆ ನೀರು ನಿಂತಿದೆ. ಮನೆ ಗೋಡೇಲಿ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹೋಗಿದ್ರೆ ಅದರ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೀರಿ, ಅಡ್ಡಕ್ಕೆ ಗಾಜಿನ ಚೂರು ಸಿಮೆಂಟ್ ಹಾಕಿ ಕೂರ್ಸಿ, ಒಂದು ಮಳೆಗಾಲದಲ್ಲಿ ಗಾಜು ಒಡೆದ್ರೆ ಕಟ್ಟಡ ಈಗಲೂ ಸರೀತಿದೆ, ಸ್ಟ್ರಕ್ಚರಲ್ ಇಂಜಿನಿಯರ್ ಕರೀರಿ, ನನ್ನಂಥವರನ್ನ ಅಲ್ಲ.

ಬೆಂಕಿ ವಿಷಯ ಒಂದೇ ಪ್ರಶ್ನೆ, ಮರದ ಮೆಟ್ಟಿಲು ಒಂದೇ ಇದ್ದು ಹಿಂದೆ ಕೆಲಸದವ್ರು ಹತ್ತಿ ಇಳೀತಿದ್ದ ಮೆಟ್ಟಿಲು ಒಡೆದು ಬಾತ್‌ರೂಮ್ ಮಾಡಿದಾರಾ. ಮಾಡಿದ್ರೆ ಮೇಲಿನ ಮನೆ ಬೇಡ, ಆರು ಗ್ಯಾಸ್ ಸಿಲಿಂಡರ್ ಇರೋ ಮರದ ಕಟ್ಟಡಕ್ಕೆ ಒಂದೇ ದಾರಿ ಸಾಲಲ್ಲ.

ಪಾರ್ಕ್ ಎದುರಿನ ಬದುಕು ಹೇಗಿರತ್ತೆ ಅಂದ್ರೆ, ಸೋಮವಾರದಿಂದ ಗುರುವಾರದ ತನಕ ಸ್ವರ್ಗ. ಶನಿವಾರ ಭಾನುವಾರ ಕಾರ್ ಹೊರಗೆ ತೆಗೆಯೋದು ಬೇಡ, ತೆಗೆದ್ರೆ ವಾಪಸ್ ಬಂದಾಗ ನಿಮ್ಮ ಗೇಟ್ ಎದುರು ಯಾರದ್ದೋ ಟೆಂಪೋ ಟ್ರಾವೆಲರ್ ನಿಂತಿರತ್ತೆ, ಡ್ರೈವರ್ ಪಾರ್ಕಲ್ಲಿ. ಸಂಜೆ ಸಂಗೀತ ಕಾರಂಜಿ ಹಾಡು ನಿಮ್ಮ ಹಾಲಿಗೂ ಬರತ್ತೆ, ಮಕ್ಕಳಿಗೆ ಪರೀಕ್ಷೆ ಇದ್ರೆ ಆ ಕಡೆ ರೂಮು ಓದಕ್ಕೆ ಕೊಡ್ಬೇಡಿ. ಪಾರ್ಕ್ ತೋಟಗಾರಿಕಾ ಇಲಾಖೆದು, ಮರದ ಕೊಂಬೆ ನಿಮ್ಮ ಮಾಡಿಗೆ ತಾಗ್ತಿದ್ರೂ ನೀವೇ ಕತ್ತಿ ಹಿಡ್ಕೊಂಡು ಹೋಗೋ ಹಾಗಿಲ್ಲ, ಮೇ ತಿಂಗಳಿಗೆ ಮುಂಚೆ ಅರ್ಜಿ ಕೊಡಿ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಸರಾ ಮಂಟಪ ಮೆರವಣಿಗೆ ಹೊರಡೋವಾಗ ನಿದ್ದೆ ಯಾರಿಗೂ ಇಲ್ಲ, ಅವತ್ತು ನೆಂಟ್ರಿಗೆಲ್ಲ ನಿಮ್ಮನೆನೇ ಛತ್ರ.

ದಾಖಲೆ ವಿಷಯ ವಕೀಲರದ್ದು, ನಾನು ಕಂಡಿದ್ದಷ್ಟು ಹೇಳ್ತೀನಿ. ಕೊಡಗು 1956ರ ನವೆಂಬರ್ 1ರವರೆಗೆ ಬೇರೆ ರಾಜ್ಯವೇ ಆಗಿತ್ತು, ಹಳೇ ಪತ್ರಗಳು ಕೂರ್ಗ್ ಕಾಲದ್ದು ಇರ್ತವೆ, ಈಗಿನ ಖಾತೆಗೂ ಅದಕ್ಕೂ ಸರ್ವೆ ನಂಬರ್ ತಾಳೆ ಆಗತ್ತಾ ನೋಡ್ಸಿ. ಇಂಥ ಬಂಗ್ಲೆಗೆ ಮಾಲೀಕರು ಒಬ್ಬರಿರಲ್ಲ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಒಬ್ರು ಮೈಸೂರು ಒಬ್ರು ಕೆನಡಾ, ವಂಶವೃಕ್ಷ ಪಾಲುಪಟ್ಟಿ ಎರಡೂ ನೋಡಿ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರ್ತೀವಿ ಅಂದ್ರೆ ಬೇಡ, ಅದರಿಂದ ಹಕ್ಕು ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಎಂಟು ಮನೆ ಒಳಗಿದ್ರೆ ರೇರಾ, ಅಂದ್ರೆ ಮನೆ ಕೊಳ್ಳೋರ ರಕ್ಷಣೆಗಿರೋ ರಿಯಲ್ ಎಸ್ಟೇಟ್ ಕಾನೂನಿನ ನೋಂದಣಿ ಕಡ್ಡಾಯ ಇಲ್ಲ, ಆ ಭರವಸೆ ಮೇಲೆ ಕೂರ್ಬೇಡಿ. ಹಿತ್ತಲಿನ ತುಂಡು ದಾಖಲೇಲಿ ಬಾಣೆ (ಗದ್ದೆಗೆ ಸೇರಿಸಿ ಕೊಡ್ತಿದ್ದ ಕಾಡು ಜಾಗ) ಅಂತಿದ್ರೆ ಅದು ಬೇರೆ ಕಥೆ, ಕೇಳ್ದೆ ದುಡ್ಡು ಕೊಡ್ಬೇಡಿ. ಲೀಸ್ ಒಂದು ವರ್ಷ ದಾಟಿದ್ರೆ ರಿಜಿಸ್ಟರ್ ಮಾಡ್ಸಲೇಬೇಕು.

ಕರಾರಲ್ಲಿ ಎಲ್ಲರೂ ಪೇಂಟಿಂಗ್ ಖರ್ಚು, ನೋಟಿಸ್ ಪೀರಿಯಡ್ಡು ಬರೀತಾರೆ, ನೀವು ಇದನ್ನೂ ಸೇರ್ಸಿ: ಪ್ರತಿ ವರ್ಷ ಮೇ 20ರೊಳಗೆ ಹೆಂಚು ತಿರುವಿ ದೋಣಿ ಕ್ಲೀನ್ ಮಾಡ್ಸೋದು ಯಾರು, ಮಧ್ಯ ಮಳೇಲಿ ಹೆಂಚು ಹಾರಿದ್ರೆ ಎಷ್ಟು ದಿನದೊಳಗೆ ಸರಿ ಮಾಡ್ಸ್ಬೇಕು, ಮಾಡ್ಸದಿದ್ರೆ ನೀವೇ ಮಾಡ್ಸಿ ಬಾಡಿಗೇಲಿ ಹಿಡ್ಕೋಬಹುದಾ, ಪಿಟ್ ಖಾಲಿ ಮಾಡ್ಸೋ ದುಡ್ಡು ಆರು ಮನೆಗೂ ಸಮಾನಾನಾ. ಸಹಿ ಹಾಕಕ್ಕೆ ಮಾಲೀಕರು ಇದಕ್ಕೆ ಒಪ್ಪಲ್ಲ ಅಂದ್ರೆ ಪೂರ್ವದ ಕಡೆ ಮನೆ ಖಾಲಿ ಇದೆಯಾ ಕೇಳಿ.